ಗೋಡೆ ಕಚ್ಚಿದವರು ಯಾರು

ನಮ್ಮ ಮನೆಯವರು ಹಲ್ಲು ಮಾಡುತ್ತಾರೆ. ಕಟ್ಟುಹಲ್ಲು. ಊರಿನ ಅರ್ಧ ಜನ ನಕ್ಕಾಗ ಕಾಣುವುದು ಇವರ ಕೈಕೆಲಸವೇ ಎಂದು ನಾನು ಜಂಬ ಕೊಚ್ಚಿಕೊಂಡರೆ "ಸುಮ್ನಿರೇ" ಎನ್ನುತ್ತಾರೆ, ಆದರೆ ಸುಳ್ಳು ಎನ್ನುವುದಿಲ್ಲ. ಒಸಡಿನ ಬಣ್ಣದ ಮೇಣವನ್ನು ಸಣ್ಣ ಚಾಕುವಿನಿಂದ ಕೆತ್ತಿ ಹಲ್ಲು ಕೂರಿಸುವುದು ಇವರ ಪಾಲಿನ ಕೆಲಸ. ಅದನ್ನು ಅಚ್ಚಿಗಿಟ್ಟು, ಮೇಣ ಕರಗಿಸಿ, ಆ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ತುಂಬಿ ಬೇಯಿಸುವುದು ಇವರ ಅಣ್ಣ, ಅಂದರೆ ನಮ್ಮ ಭಾವನ ಪಾಲು. ಕಿಟಕಿಯಿಲ್ಲದ ನೆಲಮಾಳಿಗೆಯ ಲ್ಯಾಬಿನಲ್ಲಿ ಇಬ್ಬರೂ ವರ್ಷಾನುಗಟ್ಟಲೆ ಹೀಗೇ ಕೂತರು.

ಆಮೇಲೆ ಇವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ನರ, ರಕ್ತ ಎಲ್ಲ ನೋಡಿ, ಏನೂ ಇಲ್ಲ, ಗಾಳಿ ಬೆಳಕಿನಲ್ಲಿ ಓಡಾಡಿ ಎಂದು ಕಳಿಸಿಬಿಟ್ಟರು. ಏನೂ ಇಲ್ಲದ್ದಕ್ಕೆ ಔಷಧಿ ಎಲ್ಲಿಂದ ತರುವುದು? ಭಾವ ನೋಯಿಸದ ಹಾಗೆಯೇ ಹೇಳಿದರು: "ಈ ತಿಂಗಳು ನೋಡೋಣ ಕಣೋ. ಆಮೇಲೆ ಕೆತ್ತೋದಕ್ಕೆ ಬೇರೆ ಯಾರನ್ನಾದ್ರೂ ಇಟ್ಕೋಬೇಕಾಗುತ್ತೆ."

ಅಂದಿನಿಂದ ಇವರಿಗೆ ಊಟವೂ ಕಡಿಮೆ, ಮಾತೂ ಕಡಿಮೆ. ನಾನಂತೂ ಆ ಕೈಯನ್ನು ಕಾಯತೊಡಗಿದೆ. ಲೋಟ ಹಿಡಿದಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ಹಾಲು ಉಕ್ಕೀತೆಂದು ಒಲೆ ಮುಂದೆ ನಿಂತವಳ ಹಾಗೆ ನನ್ನ ಕಣ್ಣು ಅಲ್ಲೇ ಇರುತ್ತಿತ್ತು.

ಸಂಜೆ ಸಂಜೆ ದಬ್ಬಿ ಹೊರಗೆ ಕಳಿಸುತ್ತಿದ್ದೆ. ಬೀದಿಯ ತಿರುವಿನವರೆಗೆ ಹೋಗಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬರುತ್ತಿದ್ದರು. ಒಂದು ದಿನ ಮಾತ್ರ ತಡವಾಯಿತು. ಬಂದಾಗ ಪ್ಯಾಂಟಿನ ಮೊಣಕಾಲೆಲ್ಲ ಕೆಸರು.

"ಬಿದ್ರಾ?" ಎಂದೆ.

"ಇಲ್ಲ ಕಣೇ. ನೀರಿನ ಟ್ಯಾಂಕಿನ ಗೋಡೆನ ಯಾರೋ ಕಚ್ಚಿದ್ದಾರೆ."

ಕೈಯಾಯಿತು, ಈಗ ತಲೆಯ ಸರದಿಯೇ?

"ಗೋಡೆ ಮೇಲೆ ಪಾಚಿ ಕಟ್ಟಿದೆಯಲ್ಲ, ಅದರಲ್ಲಿ ಸೊಟ್ಟಪಟ್ಟ ಗೀರು. ಉಗುರಿಂದಲ್ಲ, ಹಲ್ಲಿಂದು. ಹಲ್ಲಿನ ಗುರುತು ನಂಗೆ ತಿಳಿಯಲ್ವಾ?"

"ಇಲಿ ಇರ್ಬೇಕು ಬಿಡಿ."

"ಇಲಿಗೆ ಮುಂದೆ ಎರಡು ಹಲ್ಲು. ಇದಕ್ಕೆ ಸಾಲು ಸಾಲು ಇರ್ಬೇಕು, ಅರದ ಹಾಗೆ. ಯಾರಿರಬಹುದು?"

ಎಷ್ಟೋ ದಿನದ ಮೇಲೆ ಇವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮರುದಿನದಿಂದ ದಬ್ಬುವ ಕೆಲಸ ತಪ್ಪಿತು. ಚಹಾ ಅರ್ಧಕ್ಕೇ ಬಿಟ್ಟು ಹೊರಡುತ್ತಿದ್ದರು. ಕುತೂಹಲವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿದ್ದೆ ಮಾಡುವ ಪೈಕಿ ನಾನಲ್ಲ. ಒಂದು ಸಂಜೆ ಹಿಂದೆಯೇ ಹೋಗಿ ಮರದ ಮರೆಯಲ್ಲಿ ನಿಂತೆ.

ಪೈಪು ಸೋರಿ ಗೋಡೆಯೆಲ್ಲ ಒದ್ದೆ. ಅದರ ಮೇಲೊಂದು ಬಸವನಹುಳು ತಲೆಯನ್ನು ಅತ್ತ ಇತ್ತ ಆಡಿಸುತ್ತ ಪಾಚಿ ಮೇಯುತ್ತಿತ್ತು. ಅದು ಹೋದಲ್ಲೆಲ್ಲ ಆ ಸೊಟ್ಟಪಟ್ಟ ಗೀರು. ಕಳ್ಳ ಸಿಕ್ಕಿಬಿದ್ದಿದ್ದ. ಇವರು ಕುಕ್ಕರಗಾಲಿನಲ್ಲಿ ಕೂತು, ಲ್ಯಾಬಿನಿಂದ ತಂದ ಗುಲಾಬಿ ಮೇಣದ ತುಂಡಿನಲ್ಲಿ ಅದರ ಚಿಪ್ಪಿನ ಸುರುಳಿ ಕೆತ್ತುತ್ತಿದ್ದರು. ಬಲಗೈಯಲ್ಲಿ ಚಾಕು. ಕೂದಲೆಳೆಯಷ್ಟೂ ಅಲುಗದ ಚಾಕು.

ನನ್ನ ದೃಷ್ಟಿಯೇ ತಾಗೀತೆಂದು ಸದ್ದಿಲ್ಲದೆ ಮನೆಗೆ ಬಂದೆ. ಅಂದು ಊಟಕ್ಕೆ ಕೂತಾಗ ಆಸೆಯಿಂದ ನೋಡಿದೆ. ಚಮಚ ಎಂದಿನಂತೆ ತಟ್ಟೆಗೆ ಟಕಟಕ ಬಡಿಯುತ್ತಿತ್ತು. ಅಲ್ಲಿ ನೆಟ್ಟಗಿದ್ದ ಕೈ ಇಲ್ಲಿಗೆ ಬಂದರೆ ಹೀಗೇಕೆ ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ತಿಂಗಳ ಕೊನೆ ಹತ್ತಿರವಾಯಿತು. ನಾನು ಲ್ಯಾಬಿಗೆ ಬುತ್ತಿ ಕೊಡಲು ಹೋಗಿದ್ದಾಗ, ನಮಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರಮ್ಮ ಫೋನು ಮಾಡಿದರು. ಭಾವ ಸ್ಪೀಕರಿಗೆ ಹಾಕಿದರು.

"ಪೆಟ್ಟಿಗೇಲಿ ಮೂರು ಜೊತೆ ಹಲ್ಲು ಬಂದಿದೆ, ಸರಿ. ಒಂದು ಬಸವನಹುಳೂ ಬಂದಿದೆ. ಇದನ್ನ ಯಾರ ಬಾಯಿಗೆ ಹಾಕ್ಲಿ?"

ಭಾವ ಹಣೆ ಚಚ್ಚಿಕೊಂಡರು. "ಮೇಜಿನ ಮೇಲೆ ಗುಲಾಬಿ ಮೇಣ ಇತ್ತು. ಯಾರದೋ ಅಂಗುಳಿನ ತುಂಡು ಅಂದ್ಕೊಂಡು ಬೇಯಿಸಿಬಿಟ್ಟೆ." ಗುಲಾಬಿ ಬಣ್ಣದ್ದು ಕಂಡರೆ ಏನು ಎತ್ತ ಎಂದು ಕೇಳದೆ ಅಚ್ಚಿಗೆ ಹಾಕುವುದು ಅವರ ಹಳೆಯ ಚಾಳಿ.

"ಕೆತ್ತಿದ್ದು ಯಾರು?"

"ನಮ್ಮ ತಮ್ಮ."

"ಮತ್ತೆ ಅವರ ಕೈ ನಡುಗುತ್ತೆ ಅಂದ್ರಿ?"

ಭಾವ ಇವರ ಕೈಯತ್ತ ನೋಡಿದರು. ಡಾಕ್ಟರಮ್ಮನೇ ಮುಂದುವರಿಸಿದರು. "ಒಂದೇ ತಪ್ಪು. ಬಸವನಹುಳಕ್ಕೆ ಕೊಂಬು ಎರಡು. ಇದಕ್ಕೆ ನಾಲ್ಕಿದೆ."

ಇವರು ಕುರ್ಚಿಯಿಂದ ಎದ್ದೇಬಿಟ್ಟರು. "ನಾಲ್ಕೇ ಡಾಕ್ಟ್ರೇ. ಮೇಲಿನೆರಡರ ತುದೀಲಿ ಕಣ್ಣು, ಕೆಳಗಿನೆರಡು ದಾರಿ ತಡವೋದಕ್ಕೆ. ಬಾಯಲ್ಲಿ ಹಲ್ಲೂ ಇದೆ."

"ಬಸವನಹುಳಕ್ಕೆ ಹಲ್ಲಾ?"

"ಸಂಜೆ ಬನ್ನಿ, ತೋರಿಸ್ತೀನಿ."

ಬಂದೇಬಿಟ್ಟರು, ಭೂತಗನ್ನಡಿ ಹಿಡಿದುಕೊಂಡು. ಟ್ಯಾಂಕಿನ ಗೋಡೆಯ ಹತ್ತಿರ ಭಾವನೂ ಬಂದರು, ನಾನೂ ಇದ್ದೆ. ಗೀರುಗಳನ್ನೂ ಅಲ್ಲೇ ಮೇಯುತ್ತಿದ್ದ ಹುಳುವನ್ನೂ ನೋಡಿ ಮುಗಿದ ಮೇಲೆ ಡಾಕ್ಟರಮ್ಮ ಚೀಲದಿಂದ ಒಂದು ದವಡೆಯ ಅಚ್ಚು ತೆಗೆದರು. ಮುಂದಿನ ಹಲ್ಲಿನ ನಾಜೂಕು ಕೆಲಸ. "ಇದರ ಒಸಡು ಕೆತ್ತಿಕೊಡ್ತೀರಾ? ಬೇರೆಯವರಿಗೆ ಕೊಡೋದಕ್ಕೆ ಮನಸ್ಸಿಲ್ಲ."

ಇವರು ಅಲ್ಲೇ ಕಲ್ಲಿನ ಮೇಲೆ ಕೂತು ಮೇಣ ತೆಗೆದರು. ಭಾವ ಬಗ್ಗಿ ನೋಡಿದರು, ಡಾಕ್ಟರಮ್ಮ ನೋಡಿದರು, ನಾನು ಉಸಿರು ಬಿಗಿಹಿಡಿದು ನೋಡಿದೆ. ಚಾಕು ನಡುಗಿತು. ಇನ್ನು ಮುಗಿಯಿತು ಅಂದುಕೊಂಡೆ.

ಇವರು ಚಾಕು ಕೆಳಗಿಟ್ಟು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನೀನು ನನ್ನ ಕೈ ನೋಡಿದ್ರೆ ನಾನೂ ಅದನ್ನೇ ನೋಡ್ತೀನಿ ಕಣೇ. ಈ ಹುಳು ಒಂದೇ ನನ್ನ ಕೈ ನೋಡದೆ ಇರೋದು."

ನನಗೆ ತುಂಬ ನೋವಾಯಿತು. ಕಾಯುವುದೇ ಪ್ರೀತಿ ಎಂದುಕೊಂಡಿದ್ದೆ. ಆದರೆ ಇವರು ಹೇಳಿದ್ದು ನಿಜ ಎಂದು ಆ ಕ್ಷಣವೇ ಗೊತ್ತಾಯಿತು. ಗೋಡೆಯ ಕಡೆ ತಿರುಗಿದೆ. ಭಾವನ ಅಂಗಿ ಹಿಡಿದೆಳೆದು ಅವರನ್ನೂ ತಿರುಗಿಸಿದೆ.

"ಇದು ಹಿಂದಕ್ಕೆ ಹೋಗುತ್ತಾ?" ಡಾಕ್ಟರಮ್ಮ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ. ನೋಡೋಣ" ಎಂದೆ.

ಮೂವರೂ ನೋಡುತ್ತ ನಿಂತೆವು. ಹುಳು ಬೆರಳಗಲ ಮುಂದೆ ಹೋಯಿತು, ಕೊಂಬು ಒಳಗೆಳೆದುಕೊಂಡಿತು, ಮತ್ತೆ ಚಾಚಿತು. ಬೆನ್ನ ಹಿಂದೆ ಮೇಣ ಕೆತ್ತುವ ಸಣ್ಣ ಸದ್ದು ಶುರುವಾಯಿತು. ನಿಲ್ಲಲಿಲ್ಲ. ನನ್ನ ಕತ್ತು ನೋಯುತ್ತಿತ್ತು, ಆದರೂ ನಾನು ತಿರುಗಿ ನೋಡಲಿಲ್ಲ.