ಅರ್ಧ ತಾಸಿನ ಕೊಸರು

ಹಸೀನಾಬಿ ಕೊಸರು ಕೊಡುವವಳೇ ಹೊರತು ತೆಗೆದುಕೊಳ್ಳುವವಳಲ್ಲ. ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕದ ಅಂಗಡಿಯವನನ್ನು ಬ್ಯಾಡಗಿಯ ಪೇಟೆ ಜುಗ್ಗನೆನ್ನುತ್ತದೆ, ಅದನ್ನು ಕೇಳದ ಗಿರಾಕಿಯನ್ನು ಪೆದ್ದನೆನ್ನುತ್ತದೆ. ಇವಳು ಮಾತ್ರ, ಕಾಯಿಪಲ್ಯದ ಹೊನ್ನವ್ವ ಪ್ರೀತಿಯಿಂದ ಚೀಲಕ್ಕೆ ತುರುಕಿದ ಕೊತ್ತಂಬರಿ ಸಿವುಡನ್ನು ಹೊರತೆಗೆದು, ಮರಳಿ ಬುಟ್ಟಿಯಲ್ಲಿಟ್ಟು, ಯಾರೋ ಕರೆದರೆಂಬಂತೆ ಬಿರಬಿರನೆ ನಡೆದುಬಿಡುವಳು. "ಇಷ್ಟ್ಯಾಕ ಸೊಕ್ಕವಾ ನಿನಗ" ಎಂದು ಹೊನ್ನವ್ವ ಬೈದರೆ ತಿರುಗಿ ನೋಡಿ ನಗುವಳು.

ಕಾಲಿಗಿದ್ದ ಅವಸರ ಕೈಗಿರಲಿಲ್ಲ. ಎಳವೆಯಲ್ಲಿ ಒಲೆಯ ಬೆಂಕಿಗೆ ಸಿಕ್ಕ ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಎಡಗೈ ಅಕ್ಷರಕ್ಕೆ ಒಗ್ಗಲೇ ಇಲ್ಲ. ಹೆಬ್ಬೆರಳಿಗೂ ಅಂಗೈಗೂ ನಡುವೆ ಪೆನ್ನು ಸಿಕ್ಕಿಸಿ ಅವಳು ಬರೆಯುತ್ತಿದ್ದ ದುಂಡು ಅಕ್ಷರಗಳು ಎಷ್ಟು ಸುಂದರವೋ ಅಷ್ಟೇ ನಿಧಾನ. ಮೆಣಸಿನಕಾಯಿ ಅಂಗಡಿಯ ಕಾಸೀಮಸಾಬರ ಈ ಮಗಳಿಗೆ ಶಾಲಾ ಶಿಕ್ಷಕಿಯಾಗುವ ಒಂದೇ ಹಂಬಲ. ಕಾಲೇಜಿನಲ್ಲಿ ಅವಳಿಗೆ ಕನ್ನಡ ಕಲಿಸುತ್ತಿದ್ದ ನಾನು, ತೊಂಬತ್ತೊಂದರ ಪಿ.ಯು.ಸಿ. ಪರೀಕ್ಷೆಗೆ ಮುನ್ನ ಅವಳನ್ನು ಹಾವೇರಿಯ ಡಾಕ್ಟರರ ಹತ್ತಿರ ಕರೆದೊಯ್ದು, ಓಡಾಡಿ, ಪ್ರತಿ ಪತ್ರಿಕೆಗೂ ಅರ್ಧ ತಾಸು ಹೆಚ್ಚಿನ ವೇಳೆ ಮಂಜೂರು ಮಾಡಿಸಿದ್ದೆ.

ಮೊದಲ ದಿನ ಪರೀಕ್ಷೆ ಮುಗಿದ ಗಂಟೆ ಹೊಡೆಯಿತು. ಎಲ್ಲರೂ ಎದ್ದರು, ಇವಳು ಕುಳಿತೇ ಇದ್ದಳು. ಅವಳ ಸಹಪಾಠಿ ವಿರೂಪಾಕ್ಷಪ್ಪ ಬಾಗಿಲಲ್ಲಿ ನಿಂತು ಮೇಲ್ವಿಚಾರಕರಿಗೆ, "ನಮಗೂ ಅರ್ಧ ತಾಸು ಕೊಸರು ಹಾಕ್ರಿ ಸರ, ನಾವೂ ಫಸ್ಟ್ ಕ್ಲಾಸ್ ತರ್ತೀವಿ!" ಎಂದ. ಕೋಣೆಯೆಲ್ಲ ನಕ್ಕಿತು. ಹುಡುಗ ಕೆಟ್ಟವನಲ್ಲ, ಅವನದೂ ಒಂದು ಪ್ರಶ್ನೆ ಉಳಿದಿತ್ತು, ಮತ್ತು ಎಲ್ಲರಿಗೂ ಒಂದೇ ಗಂಟೆ ಎಂಬ ಮಾತು ಕಿವಿಗೆ ನ್ಯಾಯವಾಗಿಯೇ ಕೇಳಿಸುತ್ತದೆ. ಹಸೀನಾಬಿ ಪೆನ್ನಿಗೆ ಟೊಪ್ಪಿಗೆ ಹಾಕಿ, ಅರ್ಧಕ್ಕೆ ನಿಂತ ಉತ್ತರವನ್ನು ಹಾಗೆಯೇ ಒಪ್ಪಿಸಿ ಹೊರಬಿದ್ದಳು. ಮುಂದಿನ ಎಲ್ಲ ಪತ್ರಿಕೆಗಳಿಗೂ ಅವಳದು ಅದೇ ಹಟ.

"ಕರುಣಾ ಮಾಡಿ ಕೊಟ್ಟಾರ, ಬಿಡಬ್ಯಾಡ ಹಸೀನಾ" ಎಂದು ನಾನು ಅಂಗಲಾಚಿದೆ.

"ಕರುಣಾ ಬ್ಯಾಡ್ರಿ ಸರ. ಎಲ್ಲಾರ ಜೋಡಿ ಏಳತೇನಿ."

ಪಾಸಾದಳು. ಆದರೆ ಶಿಕ್ಷಕರ ತರಬೇತಿಗೆ ಬೇಕಾದ ಅಂಕಗಳು ಬರಲಿಲ್ಲ; ಬರೆಯದೆ ಬಿಟ್ಟ ಉತ್ತರಗಳೆಲ್ಲ ಅವಳಿಗೆ ಬಾಯಿಪಾಠವಿದ್ದವು. ವಿರೂಪಾಕ್ಷಪ್ಪ ಗುತ್ತಲದ ಕಡೆ ಮೇಷ್ಟ್ರಾದ. ಇವಳು ತಂದೆಯ ಅಂಗಡಿಯ ಗಲ್ಲೆಯ ಮೇಲೆ ಕುಳಿತಳು. ಅವನು ಮೆಣಸಿನಕಾಯಿಗೆ ಬಂದಾಗಲೆಲ್ಲ ಇವಳು ನಗುನಗುತ್ತ ಹಾಕುವ ಕೊಸರು ಬೊಗಸೆ ತುಂಬ ಇರುತ್ತಿತ್ತು.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಹೋದೆ. ತೂಗುವ ಮೊದಲು ಅವಳು ಬರಿದಾದ ತಕ್ಕಡಿಯನ್ನು ಎತ್ತಿ ಹಿಡಿದು ನೋಡಿ, ಮೇಲಕ್ಕೆ ನಿಂತ ತಟ್ಟೆಯೊಳಗೆ ಒಂದು ಸಣ್ಣ ಕಲ್ಲು ಇಟ್ಟಳು.

"ಇದೇನವಾ, ತೂಕಕ್ಕಿಂತ ಮೊದಲಾ ಕೊಸರು?" ಎಂದು ಚೇಷ್ಟೆ ಮಾಡಿದೆ.

"ಕೊಸರು ಎಲ್ಲೀದ್ರಿ ಸರ! ತಕ್ಕಡಿ ಒಂದ ಕಡೆ ವಾಲೇತಿ. ಮೊದಲ ಸಮಾ ಮಾಡಿ, ಆಮ್ಯಾಲ ತೂಗಬೇಕಲ್ರಿ."

ಹೇಳುತ್ತಿದ್ದಂತೆಯೇ ತಕ್ಕಡಿ ಹಿಡಿದ ಅವಳ ಎಡಗೈ ಹಾಗೆಯೇ ನಿಂತಿತು. ಕಣ್ಣು ಮಡಿಲಲ್ಲಿದ್ದ ಬಲಗೈಯ ಮೇಲೆ ಇಳಿಯಿತು. ದೂರುವ ದನಿಯಲ್ಲೇನೂ ಅಲ್ಲ, ಮೆಲ್ಲಗೆ ಅಂದಳು: "ಆವಾಗ ನೀವು ಹೀಂಗ ಹೇಳಬೇಕಿತ್ತರಿ ಸರ."



ಇಂಥ ಅಭಿಮಾನಿಗಳು ಪ್ರತಿ ಊರಲ್ಲಿಯೂ ಇರುತ್ತಾರೆ. ಹಂಗಿನದನ್ನು ಬಿಡುವ ಭರದಲ್ಲಿ ಹಕ್ಕಿನದನ್ನೂ ಬಿಟ್ಟು ಎದ್ದುಬರುತ್ತಾರೆ. ಅವರ ಗುಣವನ್ನು ನಾವು ಬಾಯಿತುಂಬ ಹೊಗಳುತ್ತೇವೆ, ಹೊಗಳುವುದರಿಂದ ನಮ್ಮ ಗಂಟೇನೂ ಹೋಗುವುದಿಲ್ಲವಲ್ಲ. ವಾಲಿದ ತಕ್ಕಡಿಗೆ ಒಂದು ಕಲ್ಲು ಇಡುವುದು ಮಾತ್ರ ನಮಗೆ ಹೊಳೆಯುವುದೇ ಇಲ್ಲ.