ಅಣಕು ಮತದಾನದ ಬೆಳಗು

ಹೊರ್ತಿಯಿಂದಾಚೆಗಿನ ಆ ಊರಿನ ಸರಕಾರಿ ಶಾಲೆಗೆ ಎರಡೇ ಕೋಣೆ. ಒಂದರ ಛತ್ತು ಹೋದ ಮಳೆಗಾಲದಲ್ಲಿ ಪಾಠ ನಡೆಯುವಾಗಲೇ ಕುಸಿದಿತ್ತು. ಉಳಿದದ್ದು ಈಗ ವಿಧಾನಸಭೆ ಚುನಾವಣೆಯ ಮತಗಟ್ಟೆ.

ಮತಗಟ್ಟೆಯ ಅಧಿಕಾರಿಯಾಗಿ ಬಂದವರು ವಿದ್ಯಾವತಿ, ಮುದ್ದೇಬಿಹಾಳ ಕಡೆಯ ಶಾಲೆಯ ಶಿಕ್ಷಕಿ. ಮುನ್ನಾದಿನ ಸಂಜೆ ಯಂತ್ರದ ಪೆಟ್ಟಿಗೆ ಇಳಿಸಿಕೊಂಡು, ಲಿಂಗಪೂಜೆ ಮುಗಿಸಿ ಕೂತಿದ್ದಾಗ ಬಿಸಿಯೂಟದ ದುರ್ಗವ್ವ ರೊಟ್ಟಿ, ಶೇಂಗಾ ಹಿಂಡಿ ತಂದಿಟ್ಟಳು.

"ಉಣ್ರಿ ಅಕ್ಕಾರ. ಆ ಬಿದ್ದ ಖೋಲಿ ಕಡೆ ಮಾತ್ರ ಹೋಗಬ್ಯಾಡ್ರಿ. ನನ್ನ ಮೊಮ್ಮಗಳು ಕಾವೇರಿ ಒಂದು ಕಣ್ಣು ಅಲ್ಲೇ ಬಿಟ್ಟು ಬಂದಾಳ."

"ಯಾರೂ ಬಂದು ನೋಡ್ಲಿಲ್ಲೇನು?"

"ಶಾಸಕರು ಬಂದಿದ್ರಲ್ಲ. ಫೋಟೋ ತಗಸ್ಕೊಂಡು, ಇದನ್ನ ಕಟ್ಟಿಸಿದ ಗುತ್ತಿಗೆದಾರನ ಗಾಡ್ಯಾಗ ಹತ್ತಿ ಹೋದ್ರು. ನಾಳೆ ನನ್ನ ಮಗ ಸಂಗು ಓಟಿನಾಗ ತೋರಸ್ತಾನ. ನೀವು ಯಾರ ಕಡಿಯವರ್ರಿ?"

"ಡ್ಯೂಟಿ ಮ್ಯಾಲೆ ಬಂದವರಿಗೆ ಕಡಿ ಇರೂದಿಲ್ಲಬೇ."

"ಛತ್ತು ಬಿದ್ರ ನಿಮ್ಮ ತಲಿಮ್ಯಾಲೂ ಬೀಳ್ತೈತಲ್ರಿ" ಎಂದು ದುರ್ಗವ್ವ ನಕ್ಕಳು.

ವಿದ್ಯಾವತಿಗೆ ನಗು ಬರಲಿಲ್ಲ. ತಮ್ಮ ಶಾಲೆಯ ಸೋರುವ ಛತ್ತಿಗಾಗಿ ಅವರೂ ಒಬ್ಬ ಶಾಸಕರ ಅಂಗಳದಲ್ಲಿ ಕೂತು, ಮಧ್ಯಾಹ್ನದವರೆಗೆ ಚಪ್ಪಲಿಗಳನ್ನು ನೋಡಿಕೊಂಡು ಎದ್ದುಬಂದವರು. ಶಿಕ್ಷಕರು ಪ್ರಚಾರಕ್ಕೆ ಹೋಗುವಂತಿಲ್ಲ, ಯಾರ ಪರವಾಗಿಯೂ ಬಾಯಿ ತೆರೆಯುವಂತಿಲ್ಲ. ಊರಿನವರ ಮತ ಕೆಡದಂತೆ ಕಾಯುವುದೊಂದೇ ತಮ್ಮ ಪಾಲಿಗೆ ಬಂದ ಪೂಜೆ ಎಂದು ಅವರು ನಂಬಿದ್ದರು.

ಬೆಳಕು ಹರಿಯುವ ಹೊತ್ತಿಗೆ ಅಣಕು ಮತದಾನ. ನಿಜವಾದ ಮತದಾನಕ್ಕೆ ಮೊದಲು, ಪಕ್ಷಗಳ ಏಜೆಂಟರ ಎದುರು ತಾಲೀಮಿನ ಮತ ಒತ್ತಿ, ಎಣಿಸಿ ತೋರಿಸಿ, ಎಲ್ಲವನ್ನೂ ಅಳಿಸಿಬಿಡುವ ಪದ್ಧತಿ. ಶಾಸಕರ ಕಡೆಯ ಏಜೆಂಟ ಬಂದು ಕೂತಿದ್ದ. ಎದುರು ಪಕ್ಷದ ಕಾಂತು ಬಂದಿರಲಿಲ್ಲ. ರೇವಣಸಿದ್ಧನ ಭಂಡಾರ ಹಣೆಗೆ ಹಚ್ಚಿಕೊಳ್ಳದೆ ಏಜೆಂಟನ ಕುರ್ಚಿ ಮುಟ್ಟುವುದಿಲ್ಲವೆಂದು ಹೇಳಿಕೊಂಡಿದ್ದ ಅವನು ಗುಡಿಯ ಬಾಗಿಲು ತೆರೆಯುವುದನ್ನೇ ಕಾಯುತ್ತ ನಿಂತಿದ್ದ. ನಿಯಮದಷ್ಟು ಹೊತ್ತು ಕಾದು ವಿದ್ಯಾವತಿ ಶುರು ಮಾಡಿದರು.

ಹಣೆ ತುಂಬ ಅರಿಶಿನವಾಗಿ ಕಾಂತು ಓಡಿಬಂದಾಗ ಶಾಲೆಯ ಬಾಗಿಲು ಮುಚ್ಚಿತ್ತು. ಒಳಗೆ ಯಂತ್ರ ಬೀಪ್ ಎನ್ನುತ್ತಿತ್ತು. ಕಿಟಕಿಯಲ್ಲಿ ಇಣುಕಿದರೆ ಏಜೆಂಟರ ಕುರ್ಚಿಗಳಲ್ಲಿ ಶಾಸಕರ ಕಡೆಯವನೊಬ್ಬನೇ. ಕಾಂತು ಬಾಗಿಲು ಬಡಿಯಲಿಲ್ಲ. ಹೊರಗೆ ಆಗಲೇ ಸರದಿ ಹಿಡಿದಿದ್ದ ಮಂದಿಯ ಕಡೆಗೆ ತಿರುಗಿದ.

"ಏಳಕ್ಕ ಓಟು ಅಂದ್ರು. ಒಳಗ ಆಗಲೇ ನಮ್ಮ ಓಟೆಲ್ಲ ಒತ್ತಾಕತ್ತಾರ."

ಸರದಿಯ ಮುಂದೆ ಸಂಗು ಇದ್ದ. ಅವನು ಏನೂ ಕೇಳಲಿಲ್ಲ. ಜಗಲಿಯಲ್ಲಿ ನೇತಾಡುತ್ತಿದ್ದ ಶಾಲೆಯ ಗಂಟೆಯ ಪಕ್ಕದಿಂದ ಅದನ್ನು ಬಾರಿಸುವ ಕಬ್ಬಿಣದ ರಾಡು ಎಳೆದುಕೊಂಡ.

ಮೊದಲ ಕಲ್ಲು ಕಿಟಕಿಯಿಂದ ಬಂದು ಕಪ್ಪುಹಲಗೆಗೆ ಬಡಿಯಿತು. ಗೇಟಿನ ಪೊಲೀಸನನ್ನು ಕೆಳಗೆ ಕೆಡವಿ ಮಂದಿ ತುಳಿದುಕೊಂಡೇ ಬಂದರು. ಬಾಗಿಲು ಮುರಿಯಿತು. ಬೆರಳಿಗೆ ಶಾಯಿ ಹಚ್ಚಬೇಕಿದ್ದ ಸಿಂದಗಿಯ ಮಾಸ್ತರ ನಿಯಾಜ "ಅಣ್ಣಾರ, ಇದು ತಾಲೀಮ್ ಐತ್ರಿ" ಎನ್ನುವಷ್ಟರಲ್ಲಿ ಬೆಂಚಿನ ಕಾಲು ಅವನ ತಲೆಗೆ ಬಿತ್ತು. ಹುಬ್ಬು ಸೀಳಿ ರಕ್ತ ಶಾಯಿಯ ಬಾಟಲಿಯ ಮೇಲೆ ಹರಿಯಿತು. ಶಾಸಕರ ಏಜೆಂಟನನ್ನು ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದರು.

ಎಣಿಕೆ ತೋರಿಸಿಯಾಗಿತ್ತು. ಅಳಿಸುವುದೊಂದು ಉಳಿದಿತ್ತು. ವಿದ್ಯಾವತಿ ಯಂತ್ರದ ಮೇಲೆ ಬೋರಲು ಬಿದ್ದು ಅವುಚಿಕೊಂಡರು. ಎದೆಗೂ ಯಂತ್ರಕ್ಕೂ ನಡುವೆ ಕೊರಳ ಲಿಂಗ ಒತ್ತುತ್ತಿತ್ತು. ಬೆನ್ನ ಮೇಲೆ ಒದೆ ಬಿದ್ದಾಗಲೆಲ್ಲ ತುಟಿ ಶಿವನಾಮ ಅನ್ನುತ್ತಿತ್ತು. ಸಂಗು ಬೀಸಿದ ರಾಡು ಬಲತೋಳಿಗೆ ಬಿತ್ತು. ಒಣ ಜೋಳದ ದಂಟು ಮುರಿದಂಥ ಸದ್ದು. "ಸಂಗೂ, ಬ್ಯಾಡೋ ಮಗನ" ಎಂದು ಬಾಗಿಲಿಂದ ದುರ್ಗವ್ವ ಚೀರಿದಳು.

"ಬಾಜೂಕ ಸರೀರಿ ಅಕ್ಕಾರ. ಅದನ್ನ ಪುಡಿ ಮಾಡ್ತೇನಿ."

"ಮಾಡು" ಎಂದರು ವಿದ್ಯಾವತಿ, ತಲೆ ಎತ್ತದೆ. "ಮಾಡಿದ್ರ ಈ ಊರಾಗ ಇವತ್ತು ಓಟಿಲ್ಲ. ಕಾವೇರಿ ಕಣ್ಣಿಗಿ ಜವಾಬು ಕೇಳಾಕ ನಿನ್ನ ಕೈಯಾಗ ಇನ್ನೇನು ಉಳೀತೈತಿ?"

ಮಗಳ ಹೆಸರು ಕೇಳಿ ರಾಡು ಮೇಲೆಯೇ ನಿಂತಿತು. ಅವರು ಎಡಗೈ ಚಾಚಿ ಅಳಿಸುವ ಗುಂಡಿ ಒತ್ತಿದರು. ಯಂತ್ರ ಬೀಪ್ ಎಂದಿತು.

"ಬಾ. ಓದು." ಅದು ತರಗತಿಯ ದನಿ.

ಸಂಗು ಬಗ್ಗಿದ. "ಸೊನ್ನಿ."

"ಎಲ್ಲಾರ ಮುಂದೂ?"

"ಎಲ್ಲಾರ ಮುಂದೂ ಸೊನ್ನಿ ಐತ್ರಿ."

ಕಾಂತು ಮೆಲ್ಲಗೆ ಅಂದ: "ಹಿಂಗ ತಾಲೀಮ್ ಮಾಡ್ತಾರಂತ ಏಜೆಂಟರ ಸಭಾದಾಗ ಹೇಳಿದ್ರು. ಮರತೆ."

ಚಹಾದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ದುರ್ಗವ್ವ ಅವನ ಹಣೆ ನೋಡಿದಳು. "ಭಂಡಾರ ಬರೇ ಹೊರಗ ಹಚ್ಕೊಂಡು ಬಂದಿ ನೋಡು." ಆಮೇಲೆ ಮಗನ ಕೆನ್ನೆಗೆ ಎರಡೂ ಕೈಯಿಂದ ಬಾರಿಸಿದಳು. ಅವನು ಮುಖ ತಪ್ಪಿಸಲಿಲ್ಲ.

ಇಂಡಿಯಿಂದ ಪೊಲೀಸ್ ಜೀಪು ಬಂತು. ಲಾಠಿ ಬೀಸಿ ಮಂದಿಯನ್ನು ಚದುರಿಸಿದರು. ನಿಯಾಜನನ್ನು ದವಾಖಾನೆಗೆ ಒಯ್ದರು. ವಿದ್ಯಾವತಿ ಒಲ್ಲೆ ಎಂದರು. ಮುರಿದ ತೋಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಯಾಜನ ಜಾಗದಲ್ಲಿ ಕೂತರು. ಮತದಾನ ತಡವಾಗಿ ಶುರುವಾಯಿತು.

ಜಮಾದಾರ ಸಂಗುವಿನ ಕಾಲರಿಗೆ ಕೈ ಹಾಕಿದ.

"ಅವನನ್ನ ಇನ್ನೂ ಅರೆಸ್ಟ್ ಮಾಡಿಲ್ಲಲ್ರಿ?" ಎಂದರು ವಿದ್ಯಾವತಿ.

"ನಿಮ್ಮ ಕೈ ಮುರದಾನ್ರಿ ಅಕ್ಕಾರ."

"ಮುರದಾನ. ದೂರು ಬರಕೊಡ್ತೇನಿ, ಒಂದಕ್ಷರಾನೂ ಬಿಡೂದಿಲ್ಲ. ಆದ್ರ ಅವನ ಓಟು ಅವಂದು, ಅರೆಸ್ಟ್ ಆದಮ್ಯಾಲೆ ಹಾಕಾಕ ಬರೂದಿಲ್ಲ. ಮೊದಲು ಹಾಕ್ಲಿ, ಆಮ್ಯಾಲೆ ಒಯ್ರಿ."

ಜಮಾದಾರ ಕೈ ಬಿಟ್ಟ. ಸಂಗು ಮೇಜಿನ ಮುಂದೆ ಬಂದು ಎಡಗೈ ಚಾಚಿದ. ಬೆರಳಿಗೆ ರಕ್ತ ಮೆತ್ತಿತ್ತು. ಯಾರದೆಂದು ಗೊತ್ತಾಗುವಂತಿರಲಿಲ್ಲ. ಒದ್ದೆ ಬೆರಳಿಗೆ ಶಾಯಿ ಹಿಡಿಯುವುದಿಲ್ಲ. ವಿದ್ಯಾವತಿ ಸೆರಗಿನ ತುದಿಯಿಂದ ಅದನ್ನು ಒರೆಸಿ, ಅಭ್ಯಾಸವಿಲ್ಲದ ಎಡಗೈಯಿಂದ ಉಗುರಿನ ಬುಡಕ್ಕೆ ಗೀರೆಳೆದರು. ಗೀರು ಸೊಟ್ಟಗಾಯಿತು.

ಅವನು ಮರೆಗೆ ಹೋದ. ಆಮೇಲೆ ಯಂತ್ರ ಕೂಗಿತು.

ಹೊರಗೆ ಬಂದವನು ಜಮಾದಾರನ ಮುಂದೆ ತಾನಾಗಿಯೇ ಎರಡೂ ಕೈ ನೀಡಿದ. ಒಡೆದ ಕಿಟಕಿಯಾಚೆ ಛತ್ತಿಲ್ಲದ ಕೋಣೆಯೊಳಗೆ ಬಿಸಿಲು ಇಳಿದಿತ್ತು.

"ಮುಂದಿನವರು ಬರ್ರಿ" ಎಂದರು ವಿದ್ಯಾವತಿ.