ಎವಾಂಥಿಯಾ ಸೊನ್ನೆ ಅಂದ ದಿನ

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ, ಕಾಫಿ ಲೋಟದ ತಳ ಕಾಣುವ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯಿಂದ ಫೋನು ಬರುತ್ತಿತ್ತು. ಅಷ್ಟರಲ್ಲಿ ಎವಾಂಥಿಯಾ ಅಂಗಳ ಗುಡಿಸಿ, ಕೋಳಿಗಳನ್ನು ಬೈದು, ಪಕ್ಕದ ಮನೆಯ ಸೊಸೆ ಒಗೆದು ಹಾಕಿದ ಬಟ್ಟೆಯಲ್ಲಿ ಕೊಳೆ ಹುಡುಕಿ ಮುಗಿಸಿರುತ್ತಿದ್ದಳು. ಫೋನು ಕೈಗೆತ್ತಿಕೊಂಡದ್ದೇ ತಡ, ಕುರ್ಚಿಗೆ ಕುಸಿದು ಬೀಳುತ್ತಿದ್ದಳು. ದನಿ ಬಾವಿಯ ತಳಕ್ಕೆ ಇಳಿಯುತ್ತಿತ್ತು.

ಆ ಕಡೆ ಇರುತ್ತಿದ್ದವಳು ಇಸ್ಮಿನಿ, ಥೆಸಲೋನಿಕಿ ಪಟ್ಟಣದ ದೊಡ್ಡಾಸ್ಪತ್ರೆಯ ಕ್ಯಾನ್ಸರ್ ವಿಭಾಗದ ನರ್ಸು.

“ದೊಡ್ಡಮ್ಮಾ, ನೋವು ಎಷ್ಟಿದೆ? ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡಕೊಳ್ಳೋಕಾಗಲ್ಲ.”

“ಎಂಟು ಬರ್ಕೊ, ಮಗಳೇ.”

“ಸುಸ್ತು?”

“ಅದೂ ಎಂಟು. ಒಂಬತ್ತು ಅನ್ಬೇಕಿತ್ತು, ನಿನಗೆ ಬೇಜಾರಾಗತ್ತೆ ಅಂತ ಒಂದು ಬಿಟ್ಟೆ.”

“ಊಟ ಸೇರ್ತಾ ಇದೆಯಾ?”

“ಎಲ್ಲಿಯ ಊಟ. ಹಕ್ಕಿ ತಿಂದಷ್ಟು.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಅವಳ ಗಂಡ ಅರ್ಗಿರಿಸ್ ತುಟಿ ಕಚ್ಚಿ ನಗು ತಡೆಯುತ್ತಿದ್ದ. ಹಿಂದಿನ ದಿನ ಆ ಹಕ್ಕಿ ಅನ್ನ ತುಂಬಿದ ಟೊಮೇಟೊವನ್ನು ಎರಡೆರಡು ಸಲ ಬಡಿಸಿಕೊಂಡು, ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಬ್ರೆಡ್ಡಿನಿಂದ ಒರೆಸಿ ತಿಂದಿತ್ತು. ಅಷ್ಟು ಸಾಲದೆ ಗಂಡನ ತಟ್ಟೆಯತ್ತಲೂ ಕಣ್ಣು ಹಾಯಿಸಿತ್ತು.

ಜೀವಮಾನದಲ್ಲಿ ಒಂದು ಸಿಗರೇಟೂ ಮುಟ್ಟದವಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿತ್ತು. ದಿನಕ್ಕೆರಡು ಪ್ಯಾಕು ಸೇದುತ್ತಿದ್ದ ಅರ್ಗಿರಿಸ್‌ಗೆ ಏನೂ ಆಗಿರಲಿಲ್ಲ. ಆ ನಾಚಿಕೆಗೇ ಅವನು ಸೇದುವುದು ಬಿಟ್ಟಿದ್ದ. ಗೆಡ್ಡೆಯ ಒಂದು ಚೂರನ್ನು ಪರೀಕ್ಷೆ ಮಾಡಿ, ಅದರ ಜೀನ್‌ನಲ್ಲಿ ಒಂದು ತಪ್ಪು ಹುಡುಕಿ, ಆ ತಪ್ಪಿಗೇ ಹೊಂದುವ ಮಾತ್ರೆ ಕೊಟ್ಟಿದ್ದರು. ಜೊತೆಗೆ ಒಂದು ಸಂಶೋಧನೆಗೂ ಸೇರಿಸಿಕೊಂಡಿದ್ದರು. ರೋಗಿಯನ್ನು ಮನೆಗೆ ಕಳಿಸಿ ಮರೆಯದೆ, ಆಗಾಗ ಫೋನು ಮಾಡಿ ಹೇಗಿದ್ದೀರಿ ಎಂದು ಕೇಳುತ್ತಿದ್ದರೆ ರೋಗಿ ಹೆಚ್ಚು ದಿನ ಬದುಕುತ್ತಾನೆಯೇ ಎಂದು ನೋಡುವ ಸಂಶೋಧನೆ. ಪ್ರಶ್ನೆಗಳನ್ನು ಯುರೋಪಿನ ಬಡಗಣ ದೇಶದವರು ಯಾರೋ ತಯಾರು ಮಾಡಿದ್ದರಂತೆ. ಅಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಜನ ಹೇಗಿದ್ದಾರೋ ಹಾಗೆಯೇ ಹೇಳಿಬಿಡುತ್ತಾರಂತೆ. ಅರ್ಗಿರಿಸ್‌ಗೆ ಇದನ್ನು ನಂಬುವುದು ಕಷ್ಟವಾಗಿತ್ತು.

ಎದೆಸ್ಸಾ ಪಟ್ಟಣದಾಚೆಯ ಅವರ ಊರಿನಲ್ಲಿ ಚೆನ್ನಾಗಿದ್ದೇನೆ ಎಂದು ಯಾರೂ ಹೇಳುವುದಿಲ್ಲ. ಚೆರ್ರಿ ಮರ ಕೊಂಬೆ ಮುರಿಯುವ ಹಾಗೆ ಹಣ್ಣು ಬಿಟ್ಟ ವರ್ಷವೂ ‘ಈ ಸಲ ಏನೂ ಇಲ್ಲಪ್ಪ’ ಎಂದು ಮುಖ ಸಣ್ಣ ಮಾಡುತ್ತಾರೆ. ಮುದ್ದಾದ ಮಗುವನ್ನು ಕಂಡರೆ ಥೂ ಥೂ ಥೂ ಎಂದು, ಎಂಥ ಕುರೂಪಿ ಎನ್ನುತ್ತಾರೆ. ಸುಖವನ್ನು ಬಾಯಿಬಿಟ್ಟು ಹೇಳಿದರೆ ಎಲ್ಲಿಂದಲೋ ಒಂದು ಕಣ್ಣು ಬೀಳುತ್ತದೆ. ಎವಾಂಥಿಯಾಳ ಅಕ್ಕ ಇದೇ ಕಾಯಿಲೆ ಗುಣವಾಯಿತೆಂದು ಕುರಿ ಸುಟ್ಟು ಊರಿಗೆಲ್ಲ ಊಟ ಹಾಕಿಸಿದ್ದಳು. ಅದೇ ಚಳಿಗಾಲದಲ್ಲಿ ಹೊರಟುಹೋದಳು. ಎಲ್ಲ ಆ ಊಟದಿಂದಲೇ ಆಯಿತೆಂದು ಎವಾಂಥಿಯಾ ನಂಬಿದ್ದಾಳೆ. ಡಾಕ್ಟರು ಬೇರೆ ಕಾರಣ ಹೇಳಿದ್ದರು. ಆದರೆ ಡಾಕ್ಟರು ಆ ಊಟಕ್ಕೆ ಬಂದಿರಲಿಲ್ಲವಲ್ಲ.

ಹಾಗಾಗಿ ಮಾತ್ರೆ ಕೆಲಸ ಮಾಡಿದಷ್ಟೂ ಎವಾಂಥಿಯಾಳ ಸಂಖ್ಯೆ ಮೇಲೇರುತ್ತಾ ಹೋಯಿತು. ಕೆಮ್ಮು ನಿಂತ ವಾರ ಏಳು ಅಂದಳು. ಮತ್ತೆ ಗುಡ್ಡ ಹತ್ತಿ ಚರ್ಚಿಗೆ ಹೋಗಿಬಂದ ವಾರ ಎಂಟು ಅಂದಳು. ತಂಗಿಯ ಮಗಳ ಮದುವೆಯಲ್ಲಿ ಬೆಳಗಾಗುವವರೆಗೆ ಕುಣಿದು ಬಂದ ಮೇಲಂತೂ ಒಂಬತ್ತೂವರೆ.

ಬೇಸಿಗೆಯಲ್ಲಿ ಸ್ಕ್ಯಾನ್ ಮಾಡಿಸಲು ಹೋದಾಗ ಡಾಕ್ಟರ್ ಕ್ಲಿಯೊ ಒಮ್ಮೆ ಸ್ಕ್ಯಾನು, ಒಮ್ಮೆ ಕಂಪ್ಯೂಟರು, ಒಮ್ಮೆ ಎವಾಂಥಿಯಾಳ ಕೆಂಪು ಕೆನ್ನೆ ನೋಡಿದಳು. ಕ್ಲಿಯೊ ಅಥೆನ್ಸಿನಲ್ಲಿ ಬೆಳೆದವಳು, ಇನ್ನೂ ಚಿಕ್ಕ ವಯಸ್ಸು, ನಕ್ಕರೆ ವಯಸ್ಸಿಗಿಂತ ಚಿಕ್ಕವಳ ಹಾಗೆ ಕಾಣುತ್ತಿದ್ದಳು. ಅವತ್ತು ನಗಲಿಲ್ಲ.

“ಗೆಡ್ಡೆ ಅರ್ಧಕ್ಕರ್ಧ ಇಳಿದಿದೆ. ನನಗೆ ಕುಣಿಯೋ ಅಷ್ಟು ಖುಷಿ. ಆದ್ರೆ ನಿಮ್ಮ ಉತ್ತರ ನೋಡಿದ್ರೆ ನೀವು ಹಾಸಿಗೆಯಿಂದ ಏಳೋ ಸ್ಥಿತೀಲೇ ಇಲ್ಲ. ಮಾತ್ರೆ ಇಷ್ಟು ಹಿಂಸೆ ಕೊಡ್ತಿದ್ರೆ ಇದರ ಪ್ರಮಾಣ ಇಳಿಸ್ಬೇಕಾಗತ್ತೆ. ಆಮೇಲೂ ಹೀಗೇ ಇದ್ರೆ ನಿಲ್ಲಿಸ್ಬೇಕಾಗತ್ತೆ. ಅದು ನಿಯಮ.”

ಅರ್ಗಿರಿಸ್‌ಗೆ ತಡೆಯಲಾಗಲಿಲ್ಲ. “ಡಾಕ್ಟರಮ್ಮ, ಇವಳು ಚೆನ್ನಾಗೇ ಇದಾಳೆ. ಮದುವೇಲಿ ಮೂರು ಜನ ಗಂಡಸರನ್ನ ಸುಸ್ತು ಮಾಡಿ ಕೂರಿಸಿದಾಳೆ.”

ಎವಾಂಥಿಯಾ ಅವನತ್ತ ತಿರುಗಿದ ರೀತಿಗೆ ಡಾಕ್ಟರು ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು.

“ಉಗಿ” ಎಂದಳು ಎವಾಂಥಿಯಾ.

“ಇಲ್ಲಿ ಆಸ್ಪತ್ರೆ ಕಣೇ.”

“ಹೇಳೋವಾಗ ಆಸ್ಪತ್ರೆ ಅಂತ ನೆನಪಿತ್ತಾ ನಿನಗೆ? ಉಗಿ ಅಂದ್ನಲ್ಲ, ಅರ್ಗಿರಿಸ್.”

ಅವನು ತನ್ನದೇ ಅಂಗಿಯ ಮೇಲೆ ಥೂ ಥೂ ಥೂ ಎಂದ. ಆಮೇಲೆ ನಡೆದದ್ದು ಸಂತೆಯ ಚೌಕಾಶಿ. ಡಾಕ್ಟರು ಇರುವುದನ್ನು ಇರುವ ಹಾಗೆ ಹೇಳಿ ಎಂದಳು. ಎವಾಂಥಿಯಾ ಆರಕ್ಕೆ ಇಳಿದಳು. ಡಾಕ್ಟರು ಎರಡು ಎಂದಳು. ಕೊನೆಗೆ ನಾಲ್ಕಕ್ಕೆ ಕುದುರಿತು. “ನಿನ್ನ ಮುಖ ನೋಡಿ ಕೊಡ್ತಿದ್ದೀನಿ, ಇದಕ್ಕಿಂತ ಕೆಳಗೆ ಬಿಲ್ಕುಲ್ ಆಗಲ್ಲ” ಎಂದು ಎವಾಂಥಿಯಾ ಚೀಲ ಎತ್ತಿಕೊಂಡಳು. ಅದೇ ಸಿಟ್ಟಿಗೆ ಮನೆ ಸೇರುವವರೆಗೂ ಗಂಡನ ಡ್ರೈವಿಂಗಿನಲ್ಲಿ ಒಂದೊಂದು ತಪ್ಪನ್ನೂ ಎತ್ತಿ ತೋರಿಸಿದಳು.

ಬೇಸಿಗೆಯುದ್ದಕ್ಕೂ ನಾಲ್ಕು ನಡೆಯಿತು. ಮಾತ್ರೆಯೂ ನಡೆಯಿತು.

ಸೆಪ್ಟೆಂಬರಿನ ಒಂದು ಶುಕ್ರವಾರ ಅರ್ಗಿರಿಸ್ ಅಂಗಳದ ಒಲೆಯ ಮೇಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದ. ಸುಟ್ಟದ್ದನ್ನು ಅವನು ಬಟ್ಟಲಿಗೆ ಹಾಕುವುದು, ಎವಾಂಥಿಯಾ ಸಿಪ್ಪೆ ಸುಲಿದು ಜಾಡಿಗೆ ತುಂಬುವುದು, ಪ್ರತಿ ವರ್ಷದ ಕ್ರಮ. ಹಾಡು ಹೇಳಿಕೊಳ್ಳುತ್ತಾ ಅವನು ಮೆಣಸಿನಕಾಯಿ ಮಗುಚುತ್ತಿದ್ದಾಗ ಫೋನು ಬಂತು.

“ದೊಡ್ಡಮ್ಮಾ, ನೋವು?”

“ಸೊನ್ನೆ.”

“ಸುಸ್ತು?”

“ಏನೂ ಇಲ್ಲ, ಮಗಳೇ.”

“ಉಸಿರಾಟ?”

“ಚೆನ್ನಾಗಿದೆ. ಎಲ್ಲಾ ಚೆನ್ನಾಗಿದೆ. ಸೊನ್ನೆ ಬರ್ಕೊ.”

ಅರ್ಗಿರಿಸ್‌ನ ಕೈಯಿಂದ ಇಕ್ಕಳ ಜಾರಿತು. ತಿರುಗಿ ನೋಡಿದ. ಎವಾಂಥಿಯಾ ಮೇಜಿಗೆ ಮೊಣಕೈ ಊರಿ ನೆಟ್ಟಗೆ ಕುಳಿತಿದ್ದಳು, ಫೋಟೊ ತೆಗೆಸಿಕೊಳ್ಳುವವರ ಹಾಗೆ. ಅವಳ ಮುಂದಿನ ಬಟ್ಟಲಿನಲ್ಲಿ ಮೆಣಸಿನಕಾಯಿ ರಾಶಿ ಬಿದ್ದಿತ್ತು. ಒಂದನ್ನೂ ಸುಲಿದಿರಲಿಲ್ಲ.

“ಏನಾಯ್ತೇ?”

“ಏನಾಗ್ಬೇಕು? ಚೆನ್ನಾಗಿದ್ದೀನಿ.”

“ಎದ್ದು ನಿಂತ್ಕೋ ನೋಡೋಣ.”

“ನಿನ್ನ ಮೆಣಸಿನಕಾಯಿ ಸೀದು ಹೋಗ್ತಿದೆ, ನೋಡು ಹೋಗು” ಎಂದಳು. ಎರಡು ಸಲ ಉಸಿರು ತೆಗೆದುಕೊಂಡು ಆ ಒಂದು ಮಾತನ್ನು ಮುಗಿಸಿದಳು.

ಮೆಣಸಿನಕಾಯಿ ಸೀದು ಕಪ್ಪಾಯಿತು. ಅವನು ಅದರ ಕಡೆ ತಿರುಗಿಯೂ ನೋಡದೆ ಆಸ್ಪತ್ರೆಗೆ ಫೋನು ಹಚ್ಚಿದ.

“ಮಗೂ ಇಸ್ಮಿನಿ, ನನ್ನ ಹೆಂಡ್ತಿ ಚೆನ್ನಾಗಿದ್ದೀನಿ ಅಂತಿದಾಳೆ. ಏನ್ಮಾಡ್ಲಿ?”

“ಸಿಹಿ ಹಂಚಿ ದೊಡ್ಡಪ್ಪ. ಇಲ್ಲಿ ಸ್ಕ್ರೀನೆಲ್ಲ ಹಸಿರು ತೋರಿಸ್ತಿದೆ. ಇಷ್ಟು ಒಳ್ಳೆ ಉತ್ತರ ಇದುವರೆಗೆ ಬಂದೇ ಇಲ್ಲ.”

“ಅದಕ್ಕೇ ಫೋನ್ ಮಾಡಿದ್ದು ತಾಯಿ. ಮದುವೆ ಆದಾಗಿನಿಂದ ಇವಳು ಚೆನ್ನಾಗಿದ್ದೀನಿ ಅಂದದ್ದು ಒಂದೇ ಒಂದು ಸಲ. ಅವತ್ತು ಹೊಟ್ಟೇಲಿ ಅಪೆಂಡಿಕ್ಸ್ ಒಡೆದಿತ್ತು.”

ಇಸ್ಮಿನಿ ನಗಲು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು. ಅವಳಿಗೂ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಳು.

“ಕರ್ಕೊಂಡು ಬನ್ನಿ” ಎಂದಳು. “ಈಗಲೇ ಹೊರಡಿ.”

ದಾರಿಯುದ್ದಕ್ಕೂ ಎವಾಂಥಿಯಾ ಬಾಯಿ ಬಿಡಲಿಲ್ಲ. ಅವನು ಬೇಕೆಂದೇ ಗೇರನ್ನು ಕರಕರ ಅನ್ನಿಸಿದ. ಲಾರಿಯೊಂದನ್ನು ತಿರುವಿನಲ್ಲಿ ಹಿಂದೆ ಹಾಕಿದ. ಅವಳು ಬಯ್ಯಲಿಲ್ಲ. ಕಿಟಕಿಗೆ ತಲೆ ಆನಿಸಿ ಕುಳಿತಿದ್ದಳು. ಬೈಯೇ ಮಾರಾಯ್ತಿ, ಒಂದು ಸಲ ಬೈಯೇ ಎಂದು ಒಳಗೊಳಗೇ ಬೇಡಿಕೊಂಡ. ಇವಳಿಲ್ಲದಿದ್ದರೆ ನೀನು ಗಾಡಿ ಓಡಿಸುವುದು ಸರಿಯಿಲ್ಲ ಎಂದು ಹೇಳುವವರಾದರೂ ಯಾರು ಎಂದು ನೆನೆದು ಅವನ ಕಣ್ಣು ಮಂಜಾಯಿತು. ರಸ್ತೆ ಕಾಣದೆ ವೇಗ ಇಳಿಸಿದ.

ತುರ್ತು ವಿಭಾಗದಲ್ಲಿ ಇದ್ದವನು ಹೊಸ ಡಾಕ್ಟರು.

“ಏನು ತೊಂದರೆ?”

“ಚೆನ್ನಾಗಿದ್ದೀನಿ ಅಂತಾಳೆ” ಎಂದ ಅರ್ಗಿರಿಸ್.

ಡಾಕ್ಟರು ಎವಾಂಥಿಯಾಳನ್ನು ಕೇಳಿದ. ಅವಳು ಮೆಲ್ಲಗೆ, “ಹೌದಪ್ಪ, ಚೆನ್ನಾಗಿದ್ದೀನಿ” ಎಂದಳು. ಡಾಕ್ಟರು ಈಗ ಅರ್ಗಿರಿಸ್‌ನನ್ನೇ ನೋಡಿದ. “ಯಜಮಾನ್ರೇ, ನಿಮಗೆ ತಲೆಗೇನಾದ್ರೂ ಪೆಟ್ಟು ಬಿದ್ದಿದೆಯಾ?”

ಅಷ್ಟರಲ್ಲಿ ಇಸ್ಮಿನಿಯ ಜೊತೆ ಕ್ಲಿಯೊ ಬಂದಳು. ಒಂದು ಮಾತನ್ನೂ ಕೇಳದೆ ಎವಾಂಥಿಯಾಳ ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಸಿಕ್ಕಿಸಿದಳು. ಆ ಯಂತ್ರಕ್ಕೆ ದೃಷ್ಟಿಯ ಭಯ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸಿತು. ಕ್ಲಿಯೊಳ ಮುಖದ ಬಣ್ಣ ಇಳಿಯಿತು. ಗಾಲಿ ಮಂಚ ಬಂತು, ಮೂಗಿಗೆ ನಳಿಕೆ ಬಂತು, ಎವಾಂಥಿಯಾಳನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಅರ್ಗಿರಿಸ್ ಮಸಿಗೈಯಲ್ಲಿ ಅವಳ ಕೈಚೀಲ ಹಿಡಿದುಕೊಂಡು ನಿಂತ.

ಬಹಳ ಹೊತ್ತಿನ ಮೇಲೆ ಕ್ಲಿಯೊ ಬಂದು ಅವನ ಪಕ್ಕದಲ್ಲಿ ಕುಳಿತಳು.

“ಕ್ಯಾನ್ಸರ್ ಮತ್ತೆ ಹೆಚ್ಚಾಗಿಲ್ಲ. ಅದು ಇನ್ನೂ ಇಳಿದಿದೆ. ಮಾತ್ರೆಯಿಂದಲೇ ಶ್ವಾಸಕೋಶಕ್ಕೆ ಬಾವು ಬಂದಿದೆ, ಕೆಲವರಿಗೆ ಹೀಗಾಗತ್ತೆ. ಮಾತ್ರೆ ನಿಲ್ಲಿಸಿ ಬಾವು ಇಳಿಯೋಕೆ ಔಷಧಿ ಶುರು ಮಾಡಿದ್ದೀವಿ. ಅವರು ಹುಷಾರಾದ ಮೇಲೆ ಇದೇ ಜಾತಿಯ ಬೇರೆ ಮಾತ್ರೆ ನೋಡೋಣ. ಇನ್ನೊಂದು ವಾರ ಮನೇಲೇ ಇದ್ದಿದ್ರೆ…” ಅವಳು ಅವನತ್ತ ತಿರುಗಿದಳು. “ನಮ್ಮ ಕಂಪ್ಯೂಟರು ಹಸಿರು ದೀಪ ಹಾಕ್ಕೊಂಡು ಕೂತಿತ್ತು. ನಿಮಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಕಂಪ್ಯೂಟರಿಗೆ ಮದುವೆ ಆಗಿದೆಯಾ, ಡಾಕ್ಟರಮ್ಮ?” ಎಂದ ಅರ್ಗಿರಿಸ್. ನಗಿಸಲು ಹೇಳಿದ ಮಾತು. ಮುಗಿಸುವಷ್ಟರಲ್ಲಿ ಅವನೇ ಮುಖ ತಿರುಗಿಸಿಕೊಂಡ.

ಎವಾಂಥಿಯಾಳ ಪಕ್ಕದಲ್ಲಿ ಅವನನ್ನು ಕೂರಲು ಬಿಟ್ಟದ್ದು ಆಮೇಲೆ. ಅವನಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಸಿಟ್ಟು ಮೊದಲು ಹೊರಬಿತ್ತು.

“ಸುಖವಾಗಿರೋವಾಗ ಸಾಯ್ತೀನಿ ಅಂತ ಬಡ್ಕೊಳ್ತಿದ್ದೆ. ಸಾಯೋಕೆ ಬಂದಾಗ ಚೆನ್ನಾಗಿದ್ದೀನಿ ಅಂತೀಯಲ್ಲೇ. ಎಷ್ಟು ದಿನದಿಂದ ಹೀಗಿದೆ?”

“ಮೊನ್ನೆಯಿಂದ” ಎಂದಳು. ಸ್ವಲ್ಪ ಹೊತ್ತು ನಳಿಕೆಯಿಂದ ಗಾಳಿ ಎಳೆದುಕೊಂಡಳು. “ರೋಗ ಮತ್ತೆ ಬಂತು ಅಂದ್ಕೊಂಡೆ. ಹೇಳಿದ್ರೆ ಮಾತ್ರೆ ಕಿತ್ಕೊಳ್ತಾರೆ ಅಂತ ಹೆದರಿದೆ. ಆಮೇಲೆ… ನೀನು ಮೆಣಸಿನಕಾಯಿ ಸುಡ್ತಾ ಹಾಡ್ತಿದ್ದೆಯಲ್ಲ. ಎಷ್ಟು ದಿನ ಆಗಿತ್ತು ನೀನು ಹಾಡಿ. ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ ನನಗೆ.”

ಅರ್ಗಿರಿಸ್ ಅವಳ ಕೈಯನ್ನು ತನ್ನ ಮಸಿಗೈಯಲ್ಲಿ ಇಟ್ಟುಕೊಂಡ. ಬಿಳಿ ಹೊದಿಕೆಗೆ ಕರಿ ಮೆತ್ತಿಕೊಂಡಿತು. ಅದನ್ನು ಕಂಡೂ ಅವಳು ಏನೂ ಅನ್ನಲಿಲ್ಲ. ಅವನ ಭಯ ಇನ್ನಷ್ಟು ಹೆಚ್ಚಿತು.

ಅದಾದ ಮೇಲೆ ಮೂರು ದಿನ ಇಸ್ಮಿನಿ ಬಂದು ಕೇಳಿದಾಗೆಲ್ಲ ಎವಾಂಥಿಯಾ ವಿಧೇಯ ಶಾಲಾ ಹುಡುಗಿಯ ಹಾಗೆ, ಪರವಾಗಿಲ್ಲ, ಎರಡು, ಒಂದು ಎಂದು ಉತ್ತರಿಸಿದಳು. ಕ್ಲಿಯೊ ಎಕ್ಸ್-ರೇ ತೋರಿಸಿ ಬಾವು ಇಳಿಯುತ್ತಿದೆ ಎಂದಳು. ಅರ್ಗಿರಿಸ್ ತಲೆಯಾಡಿಸಿದ, ನಂಬಲಿಲ್ಲ. ಡಾಕ್ಟರಿಗೆ ಎಕ್ಸ್-ರೇ ಓದಲು ಬರುತ್ತದೆ, ಅವನಿಗೆ ಹೆಂಡತಿಯನ್ನು ಓದಲು ಬರುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವನು ಬೀದಿಗೆ ಹೋಗಿ, ಎಳ್ಳು ಮೆತ್ತಿದ, ಬಳೆಯಾಕಾರದ ಬಿಸಿ ಬ್ರೆಡ್ಡು ಕೊಂಡುಕೊಂಡು ಮೆಟ್ಟಿಲು ಹತ್ತಿ ಬಂದ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಇಸ್ಮಿನಿಯ ದನಿ.

“ದೊಡ್ಡಮ್ಮಾ, ಉಸಿರಾಟ ಹೇಗಿದೆ?”

ಅರ್ಗಿರಿಸ್ ಅಲ್ಲೇ ನಿಂತ.

“ಹೇಗಿರತ್ತೆ? ಎಂಟು. ಎಂಟೂವರೆ ಬರ್ಕೊ. ನಿಮ್ಮ ಆಸ್ಪತ್ರೆ ಸೂಪು ಕುಡಿದೇ ಅರ್ಧ ಜೀವ ಹೋಯ್ತು, ಇನ್ನರ್ಧ ಈ ದಿಂಬಿನಿಂದ ಹೋಗತ್ತೆ. ಈ ಹೊದಿಕೆ ನೋಡು, ಮಸಿ ಮಾಡಿಟ್ಟಿದಾನೆ ಆ ಮನುಷ್ಯ, ಇಷ್ಟು ದಿನ ಆದ್ರೂ ಬದಲಾಯಿಸಿಲ್ಲ ಯಾರೂ. ಎಲ್ಲಿ ಹಾಳಾಗಿ ಹೋದ ಅವನು? ಒಂದು ಬ್ರೆಡ್ ತರೋಕೆ ಎಷ್ಟು ಹೊತ್ತು? ಗಾಡೀಲಿ ಹೋದ್ನಾ? ಹಾಗಾದ್ರೆ ಇನ್ನು ಬಂದ ಹಾಗೇ.”

ಅರ್ಗಿರಿಸ್ ಗೋಡೆಗೆ ಒರಗಿ ನಿಂತ. ಇಷ್ಟು ದಿನ ತಡೆದಿದ್ದ ಅಳು ಒಂದೇ ಸಲಕ್ಕೆ ಬಂತು. ಬ್ರೆಡ್ಡಿನ ಪೊಟ್ಟಣದಿಂದಲೇ ಮುಖ ಮುಚ್ಚಿಕೊಂಡ. ಆ ದಾರಿಯಲ್ಲಿ ಬರುತ್ತಿದ್ದ ಕ್ಲಿಯೊ ಗಾಬರಿಯಾಗಿ ಓಡಿ ಬಂದಳು.

“ಏನಾಯ್ತು? ಎವಾಂಥಿಯಾ ಹೇಗಿದಾರೆ?”

ಚೆನ್ನಾಗಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅರ್ಗಿರಿಸ್ ಅದನ್ನು ಅಲ್ಲೇ ಕಚ್ಚಿ ಹಿಡಿದ. ಕಣ್ಣೀರಲ್ಲೇ ಮುಖ ತುಂಬ ನಕ್ಕ. ಎಳ್ಳು ಅವನ ಗಡ್ಡಕ್ಕೆಲ್ಲ ಮೆತ್ತಿಕೊಂಡಿತ್ತು.

“ಏನ್ ಹೇಳ್ಲಿ ಡಾಕ್ಟರಮ್ಮ” ಎಂದ. “ತುಂಬಾ ಕೆಟ್ಟದಾಗಿದಾಳೆ.”

ಕ್ಲಿಯೊ ಒಳಗಿನ ದನಿಗೆ ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಕಾರಿಡಾರಿನ ಎರಡೂ ಕಡೆ ನೋಡಿ, ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ತನ್ನ ಬಿಳಿ ಕೋಟಿನ ಮೇಲೆ ಮೆಲ್ಲಗೆ ಥೂ ಥೂ ಥೂ ಎಂದು ಒಳಗೆ ಹೋದಳು.